ಎಡಬದಿಯ ಬೆಂಕಿ

ಮೊದಲೇ ಹೇಳಿಬಿಡುತ್ತೇನೆ, ಆಸಿಡ್ ಹಾಕಿದವಳು ನಾನೇ. ಬೇಕೂಂತ ಹಾಕಿದ್ದಲ್ಲ. ನಂಬುವವರು ನಂಬಲಿ, ನಂಬದವರು ಎದ್ದು ಹೋಗಲಿ. ಮೂವತ್ತು ವರ್ಷದಿಂದ ದಿನಾ ಬೆಳಿಗ್ಗೆ ಹತ್ತೂವರೆಗೆ ರಬ್ಬರ್ ಹಾಲು ಹೆಪ್ಪಾಗಲಿಕ್ಕೆ ಆಸಿಡ್ ಹಾಕುತ್ತಾ ಬಂದ ಕೈ ಇದು. ಪಾತ್ರೆಯಲ್ಲಿ ಹಾಲು ಕಂಡರೆ ಸೌಟು ತಾನಾಗಿ ಮುಂದೆ ಹೋಗುತ್ತದೆ. ಆ ಒಂದು ಪಾತ್ರೆಯ ಹಾಲು ಶೀಟಿಗಲ್ಲ, ಗೇಣುದ್ದದ ಒಂದು ಕಾರಿಗೆ ಅಂತ ನನ್ನ ಕೈಗೆ ಯಾರೂ ಹೇಳಿರಲಿಲ್ಲ.

ಕಾರು ನನ್ನ ಸೊಸೆ ಭವಿತಾಳದ್ದು. ಪುತ್ತೂರಿನ ಹುಡುಗಿ. ಅವಳ ಅಪ್ಪ ಅಚ್ಚುತಣ್ಣನದ್ದು ಅಲ್ಲಿ ಡೆಂಟಿಂಗ್-ಪೇಂಟಿಂಗ್ ಶೆಡ್ಡು. ಜೀಪು, ಟೆಂಪೋ, ಟೂರಿಸ್ಟ್ ಬಸ್ಸು, ಎಲ್ಲದಕ್ಕೂ ಬಣ್ಣ. ಇವಳು ಪಿಯುಸಿ ಓದುವಾಗಲೇ ಬಸ್ಸಿನ ಬದಿಯಲ್ಲಿ ಹುಲಿ, ಹದ್ದು ಬಿಡಿಸುತ್ತಿದ್ದಳಂತೆ. ಎರಡು ವರ್ಷದ ಹಿಂದೆ ನನ್ನ ಮಗ ಲತೀಶನನ್ನು ಮದುವೆಯಾಗಿ ನಮ್ಮೂರು ಪಂಜಕ್ಕೆ ಬರುವಾಗ ಸೀರೆಗಳ ಕೆಳಗೆ ಒಂದು ಪುಟ್ಟ ಕಂಪ್ರೆಸರ್, ಗಾಳಿಯಲ್ಲಿ ಬಣ್ಣ ಚಿಮ್ಮಿಸುವ, ಪೆನ್ನಿನಷ್ಟು ಸಪೂರದ ಒಂದು ಏರ್‌ಬ್ರಶ್ ಇಟ್ಟು ತಂದಿದ್ದಳು. ನಾನು ನೋಡಿ ಬಿ.ಪಿ. ನೋಡುವ ಮೆಷಿನ್ ಅಂದುಕೊಂಡೆ. ಈ ಪ್ರಾಯಕ್ಕೇ ಬಿ.ಪಿ.ಯಾ ಅಂತ ಹೆದರಿ ಎರಡು ವಾರ ಸಾರಿಗೆ ಉಪ್ಪು ಕಡಿಮೆ ಹಾಕಿದ್ದೆ.

ಅಕ್ಟೋಬರ್ ಕೊನೆಗೆ ಅವಳಿಗೊಂದು ಪಾರ್ಸೆಲ್ ಬಂತು. ಒಳಗೆ ಪ್ಲಾಸ್ಟಿಕ್ಕಿನ ತುಂಡುಗಳು. ಅಮೆರಿಕದವರ ಯಾವುದೋ ಅಜ್ಜನ ಕಾಲದ ಕಾರು, ಅಂಟಿಸಿ ಜೋಡಿಸುವಂಥದ್ದು. ನವೆಂಬರಿನ ಮೂರನೆಯ ಭಾನುವಾರ ಮಂಗಳೂರಿನಲ್ಲಿ ಇಂಥ ಕಾರುಗಳದ್ದೇ ಪ್ರದರ್ಶನ, ಸ್ಪರ್ಧೆ ಉಂಟಂತೆ. ತಾನೂ ಒಂದು ಇಡಬೇಕು ಅಂತ ಅವಳಿಗೆ. ರಬ್ಬರ್ ಶೀಟು ಒತ್ತುವ ನಮ್ಮ ಮೆಷಿನ್ ಶೆಡ್ಡಿನ ಮೂಲೆಯಲ್ಲಿ ಮೇಜು ಹಾಕಿಕೊಂಡಳು. ಥಿನ್ನರಿನ ವಾಸನೆ ಮನೆಯೊಳಗೆ ಬೇಡ, ಶೀಟು ಒಣಗಿಸುವ ಹೊಗೆಮನೆಯ ಬೆಂಕಿಯ ಹತ್ತಿರವೂ ಬೇಡ ಅಂತ ಅವಳೇ ಯೋಚಿಸಿ ಆರಿಸಿದ ಜಾಗ ಅದು.

ಒಂದು ವಾರದಲ್ಲಿ ಕಾರಿನ ಅಡಿಭಾಗ ತಯಾರಾಯಿತು. ಬೆಳಿಗ್ಗೆ ನೀರುದೋಸೆ ತಿನ್ನುವಲ್ಲಿಗೆ ತಂದು ತೋರಿಸಿದಳು. ಎದುರಿನ ಆಕ್ಸಲನ್ನು ಉಜ್ಜಿ ಸಪೂರ ಮಾಡಿದ್ದಳು, ಹಿಂದೆ ಚಾಸಿಯಲ್ಲಿ ಅರ್ಧಚಂದ್ರದ ಹಾಗೆ ಕೊರೆದು ಆಕ್ಸಲನ್ನು ಮೇಲೇರಿಸಿದ್ದಳು. ಕಾರು ಹೊಟ್ಟೆ ನೆಲಕ್ಕೆ ಕೊಟ್ಟು ಕೂತಿತ್ತು.

ಊರೆಲ್ಲ ಕಿಟ್ಟಣ್ಣ ಅಂತ ಕರೆಯುವ ನನ್ನ ಗಂಡ ಕನ್ನಡಕ ಏರಿಸಿ ನೋಡಿದರು. "ಎಂತದು ಇದು, ಟಯರ್ ಪಂಕ್ಚರಾ?"

"ಅಲ್ಲ ಮಾವ, ಇಳಿಸಿದ್ದು. ಹಾಟ್ ರಾಡ್, ಅಂದ್ರೆ ರೇಸಿಗೆ ಬದಲಾಯಿಸಿದ ಹಳೇ ಕಾರು, ಹೀಗೇ ಇರ್ಬೇಕು."

"ನಮ್ಮ ಪಂಜದ ರಸ್ತೆಯಲ್ಲಿ ಇದು ಹೋದೀತಾ? ರಸ್ತೆಯ ಮೊದಲನೇ ಹಂಪ್‌ಗೇ ಅಡಿ ಒಡಿತದೆ."

"ಇದು ಹೋಗ್ಲಿಕ್ಕೆ ಅಲ್ಲ, ನೋಡ್ಲಿಕ್ಕೆ."

"ಹೋಗದ ಕಾರಿಗೆ ಒಂದು ವಾರ ಕೆಲಸವಾ!" ಅಂತ ನಕ್ಕರು. ಅವಳೂ ನಕ್ಕಳು. ಅಲ್ಲಿಯವರೆಗೆ ಎಲ್ಲ ಚೆನ್ನಾಗಿಯೇ ಇತ್ತು.

ಹದಗೆಟ್ಟದ್ದು ಹೆಸರಿನ ವಿಷಯಕ್ಕೆ. ಅವತ್ತೇ ಮಧ್ಯಾಹ್ನ ಬಂಗುಡೆ ಸಾರು, ಕುಚ್ಚಲಕ್ಕಿ ಅನ್ನ. ಪಂಜ ಪೇಟೆಯ ತನ್ನ ಮೊಬೈಲ್ ಅಂಗಡಿಯಿಂದ ಲತೀಶ ಊಟಕ್ಕೆ ಬಂದಿದ್ದ. ಸ್ಪರ್ಧೆಯ ಫಾರ್ಮು ಅವನ ಫೋನಿನಲ್ಲಿ ತುಂಬಿಸುವುದು ಅಂತ ಮಾತಾಯಿತು.

ಇವರು ಮೀನಿನ ಮುಳ್ಳು ಬಿಡಿಸುತ್ತಾ ಹೇಳಿದರು, "ನಿನ್ನ ಹೆಸರೇ ಹಾಕು ಲತೀಶ."

"ಕಾರು ನಾನು ಮಾಡುದಲ್ವಾ ಮಾವ?" ಭವಿತಾ ಕೇಳಿದಳು.

"ಹೌದು. ಆದ್ರೆ ನಾಳೆ ಪೇಪರಲ್ಲಿ ಬಂತೂಂತ ಇಟ್ಕೊ. ಕಿಟ್ಟಣ್ಣನ ಸೊಸೆ ಆಟದ ಕಾರಿಗೆ ಪೇಂಟ್ ಹೊಡಿತಾಳೆ ಅಂತ ರಬ್ಬರ್ ಸೊಸೈಟಿಯಲ್ಲಿ ನಗಾಡ್ತಾರೆ."

"ಇವ್ರು ಹೊಡೆದ್ರೆ ನಗಾಡುದಿಲ್ವಾ?"

"ಅವ ಗಂಡಸು. ಹುಚ್ಚು ಅಂತಾರೆ, ಬಿಡ್ತಾರೆ. ಮತ್ತೆ ಆ ಭಾನುವಾರ ಆಲೆಟ್ಟಿಯಲ್ಲಿ ವೀಳ್ಯ. ನೀವು ಹೆಂಗಸರು ಅಲ್ಲಿರ್ಬೇಕು. ಲತೀಶ ಬೆಳಿಗ್ಗೆಯೇ ಮಂಗಳೂರಿಗೆ ಹೋಗಿ ಕಾರು ಇಟ್ಟು ಬರ್ಲಿ."

ಆಲೆಟ್ಟಿಯಲ್ಲಿರುವುದು ನನ್ನ ನಾದಿನಿ. ಅವಳ ಮಗಳು ಸುಪ್ರಿತಾಳ ಮದುವೆ ನಿಶ್ಚಯದ ವೀಳ್ಯಶಾಸ್ತ್ರ ಅದೇ ದಿನ ಬಿದ್ದಿತ್ತು. ಸೋದರಮಾವನ ಮನೆಯವರು ನಾವು. ಹೋಗದೆ ಇರುವುದು ಅಂದರೆ ಸಣ್ಣ ಮಾತಲ್ಲ.

ಭವಿತಾ ಎದ್ದು ಇವರ ಬಟ್ಟಲಿಗೆ ಇನ್ನೊಂದು ಮೀನು ಹಾಕಿದಳು. ಸ್ವರ ಏರಿಸಲಿಲ್ಲ. "ನಾನೇ ಹೋಗ್ತೇನೆ ಮಾವ. ನನ್ನ ಹೆಸರಲ್ಲೇ."

ಇವರು ಮೀನನ್ನು ಹಾಗೇ ಬಿಟ್ಟು ಕೈ ತೊಳೆದರು. ಸುಳ್ಳು ಹೇಳುವುದಿಲ್ಲ, ಆಗ ನನಗೆ ಸಿಟ್ಟು ಬಂದದ್ದು ಸೊಸೆಯ ಮೇಲೆಯೇ. ಹೆಸರು ಗಂಡನದ್ದೋ ಹೆಂಡತಿಯದ್ದೋ, ಒಂದೇ ಮನೆಯದ್ದಲ್ಲವಾ? ಒಳ್ಳೆಯ ಬಂಗುಡೆ ಹಾಳಾಯಿತು ಅಂತ ಗೊಣಗಿಕೊಂಡು ಪಾತ್ರೆ ತೊಳೆದೆ.

ಲತೀಶ ಏನು ಮಾಡಿದ? ಅವನದ್ದು ಚಿಕ್ಕಂದಿನಿಂದ ಒಂದೇ ಬುದ್ಧಿ. ಅಪ್ಪನ ಎದುರು ಹ್ಞೂಂ, ಹೆಂಡತಿಯ ಎದುರು ಹ್ಞೂಂ. ಅಂಗಡಿಯಲ್ಲಿ ಕೂತು ಮೆಲ್ಲ ತನ್ನ ಹೆಸರನ್ನೇ ತುಂಬಿಸಿ ಕಳಿಸಿದ. ನಾಲ್ಕು ದಿನ ಬಿಟ್ಟು ಫೋನಿಗೆ ಮೆಸೇಜ್ ಬಂದಾಗ ಭವಿತಾ ಓದಿದಳು.

"ಎಂತ ಇದು? ಲತೀಶ್, ಪಂಜ. ನಾನೆಲ್ಲಿ?"

"ಫೋನ್ ನನ್ನದಲ್ವಾ, ಅದಕ್ಕೆ..."

"ಫೋನ್ ನಿಮ್ಮದು, ಕಾರು ನನ್ನದು."

"ಅಪ್ಪನ ಹತ್ರ ಯಾರು ಪಿರಿಪಿರಿ ಮಾಡುದು ಮಾರಾಯ್ತಿ? ಕಾರು ಅಲ್ಲಿಗೆ ಮುಟ್ಟಿದ್ರೆ ಆಯ್ತಲ್ಲ."

"ಆಗ್ಲಿಲ್ಲ. ಭಾನುವಾರ ನಾನೇ ಹೋಗಿ ಸರಿ ಮಾಡಿಸ್ತೇನೆ."

ಅವತ್ತಿನಿಂದ ಮನೆಯಲ್ಲಿ ಮಾತಿಗೆ ಅಳತೆ ಬಂತು. ದೋಸೆ ಆಯಿತು, ಬಟ್ಟೆ ಒಗೆದಾಯಿತು, ಶೀಟು ಹೊಗೆಗೆ ಹಾಕಿಯಾಯಿತು. ಒಂದು ಕೆಲಸ ತಪ್ಪಿಸಲಿಲ್ಲ ಮಹಾರಾಯ್ತಿ. ಕೆಲಸ ಮುಗಿದದ್ದೇ ಶೆಡ್ಡಿಗೆ ಹೋಗಿ ಕಂಪ್ರೆಸರ್ ಗುರ್ ಅನ್ನಿಸುವಳು. ಇವರು ಚಾವಡಿಯಲ್ಲಿ ಟಿವಿಯ ಸ್ವರ ಏರಿಸುವರು. ನಡುವೆ ನನ್ನ ತಲೆ ಸಿಡಿಯುವುದು.

ಕಾರಿಗೆ ಅವಳು ಬರೆಯಹೊರಟದ್ದು ಬೆಂಕಿ. ಎದುರಿನಿಂದ ಎದ್ದು ಬಾಗಿಲಿನವರೆಗೆ ನಾಲಗೆ ಚಾಚುವ ಬೆಂಕಿ. ಮೊದಲು ಇಡೀ ಕಾರಿಗೆ ಹಳದಿ, ಅದರ ಮೇಲೆ ಕಿತ್ತಳೆ, ತುದಿಗೆ ಕೆಂಪು. ಆಮೇಲೆ ಬೆಂಕಿ ಉಳಿಯಬೇಕಾದಲ್ಲಿ ಮುಚ್ಚಿ, ಮೇಲಿನಿಂದ ಕಪ್ಪು ಹೊಡೆದು, ಮುಚ್ಚಿದ್ದನ್ನು ತೆಗೆಯಬೇಕು. ಮುಚ್ಚಲಿಕ್ಕೆ ತಂದ ಟೇಪು ಅಷ್ಟು ಸಣ್ಣ ತಿರುವಿಗೆ ಬಗ್ಗಲಿಲ್ಲ. ಎರಡು ಸಲ ಮಾಡಿ ಎರಡು ಸಲ ಉಜ್ಜಿ ತೆಗೆದಳು.

ನಮ್ಮಲ್ಲಿ ಟ್ಯಾಪಿಂಗಿಗೆ, ಅಂದರೆ ಮರ ಕೆತ್ತಿ ಹಾಲು ತೆಗೆಯಲಿಕ್ಕೆ ಬರುವ ಹಕೀಮ್ ಒಂದು ದಿನ ಹಾಲು ತಂದಿಟ್ಟು ಅಂಗಳದಲ್ಲಿ ಕೂತು, ಕೈಗೆ ಅಂಟಿ ಒಣಗಿದ ರಬ್ಬರನ್ನು ಸುಲಿಯುತ್ತಿದ್ದ. ಬೆರಳ ಗೆರೆ ಸಮೇತ ಎದ್ದು ಬರುತ್ತಿತ್ತು. ಭವಿತಾ ಚಾದ ಗ್ಲಾಸು ಹಿಡಿದು ನೋಡುತ್ತಾ ನಿಂತವಳು ನಿಂತೇ ಬಾಕಿ.

"ಹಕೀಮಣ್ಣ, ನಂಗೆ ಒಂದು ಲೋಟ ಹಾಲು ಬೇಕು."

"ಕುಡಿಲಿಕ್ಕಾ?" ಅಂದ ಅವನು. ನನಗೂ ನಗು ಬಂತು.

ಹಾಲು ಬೇಗ ಗಟ್ಟಿಯಾಗದ ಹಾಗೆ ನಾಲ್ಕು ಹನಿ ಅಮೋನಿಯ ಹಾಕಿ, ಸಪೂರ ಕುಂಚದಲ್ಲಿ ಅದ್ದಿ, ಕಾರಿನ ಬಲಬದಿಯ ಬೆಂಕಿಯನ್ನು ಮುಚ್ಚಿದಳು. ರಬ್ಬರು ಕೂದಲೆಳೆಯ ತಿರುವಿಗೂ ಕೂತಿತು. ಅದು ಸ್ಪರ್ಧೆಯ ವಾರದ ಮಂಗಳವಾರ. ಎಡಬದಿ ಬುಧವಾರಕ್ಕೆ ಉಳಿಯಿತು. ಬುಧವಾರ ಹೊಸ ಹಾಲನ್ನು ಅಮೋನಿಯ ಹಾಕಿ ಸ್ಟೀಲ್ ಬಟ್ಟಲಲ್ಲಿ ಮೇಜಿನ ತುದಿಗೆ ಇಟ್ಟು, ಸಾರಿಗೆ ಒಗ್ಗರಣೆ ಹಾಕಲು ಒಳಗೆ ಹೋದಳು. ಅದರ ಪಕ್ಕದಲ್ಲೇ ನನ್ನ ಶೀಟಿನ ಡಿಶ್‌ಗಳು ಸಾಲಾಗಿ ಹಾಲು ತುಂಬಿ ಕೂತಿದ್ದವು. ನಾನು ಬಂದೆ. ಒಂದು ಡಿಶ್, ಒಂದು ಸೌಟು ಆಸಿಡ್, ಕದಡು, ನೊರೆ ತೆಗೆ. ಇನ್ನೊಂದು ಡಿಶ್. ಮತ್ತೊಂದು. ಕೊನೆಗೆ ಬಟ್ಟಲು.

ಅಮೋನಿಯ ಇದ್ದದ್ದಕ್ಕೆ ಅದು ಕೂಡಲೇ ಹೆಪ್ಪಾಗಲಿಲ್ಲ. ಆಗಿದ್ದರೆ ಒಳ್ಳೆಯದಿತ್ತು. ಅವಳು ಒಗ್ಗರಣೆ ಮುಗಿಸಿ ಓಡಿ ಬಂದು ಅದೇ ಹಾಲನ್ನು ಎಡಬದಿಗೆ ಹಚ್ಚಿದಳು. ಸಂಜೆ ಎರಡೂ ಬದಿಗೆ ಕಪ್ಪು ಹೊಡೆದಳು.

ಗುರುವಾರ ಬೆಳಿಗ್ಗೆ ಸುಲಿದಾಗ ಬಲಬದಿಯಲ್ಲಿ ಬೆಂಕಿ ಎದ್ದು ಬಂತು. ಲತೀಶ "ಅಬ್ಬ!" ಅಂದ. ಎಡಬದಿಯಲ್ಲಿ ರಬ್ಬರು ಗಂಟುಗಂಟಾಗಿ, ಅಡಿಯಲ್ಲಿ ಕಪ್ಪು ನುಗ್ಗಿ, ಸುಲಿದಲ್ಲೆಲ್ಲ ಹಳದಿಯೂ ಕಿತ್ತು ಬಂದು ಬಿಳಿ ಪ್ಲಾಸ್ಟಿಕ್ ಕಾಣಿಸಿತು. ಭವಿತಾ ಬಟ್ಟಲಿನ ತಳದಲ್ಲಿ ಉಳಿದಿದ್ದ ಗಟ್ಟಿಯನ್ನು ಮೂಸಿದಳು. ಬಟ್ಟಲು ಹಿಡಿದುಕೊಂಡು ನೇರ ಅಡಿಗೆಮನೆಗೆ ಬಂದಳು.

"ಅತ್ತೆ, ಇದಕ್ಕೆ ಆಸಿಡ್ ಹಾಕಿದ್ದೀರಾ?"

"ಅಯ್ಯೋ, ಅದು ನಿನ್ನದಾ?"

"ಬೇಕೂಂತ ಹಾಕಿದ್ದಾ?"

ಆ ಪ್ರಶ್ನೆ ಕೇಳಬಾರದಿತ್ತು ಅವಳು. "ಬೇಕೂಂತ ಹಾಳು ಮಾಡುವವಳಾದ್ರೆ ಕಾರನ್ನೇ ಎತ್ತಿ ಒಲೆಗೆ ಹಾಕ್ತಿದ್ದೆ! ಕದ್ದು ಮಾಡುವ ಬುದ್ಧಿ ನಂಗಿಲ್ಲ. ಹಾಲು ಕಂಡಿತು, ಹಾಕಿದೆ. ನೀನು ಬಟ್ಟಲನ್ನು ಡಿಶ್ಶಿನ ಸಾಲಲ್ಲಿ ಯಾಕೆ ಇಟ್ಟದ್ದು?"

ಅವಳ ಕಣ್ಣು ತುಂಬಿತ್ತು. ಬಟ್ಟಲನ್ನು ಕಲ್ಲಿನ ಮೇಲೆ ಇಟ್ಟು ಹೋದಳು. ತಪ್ಪು ನನ್ನದು, ಬೈದದ್ದೂ ನಾನು.

ಆದರೆ ನನ್ನನ್ನು ನಿಜವಾಗಿ ಎಬ್ಬಿಸಿದ್ದು ಅದಲ್ಲ. ಮಧ್ಯಾಹ್ನ ಊಟಕ್ಕೆ ಕೂತಾಗ ವಿಷಯ ಇವರಿಗೆ ಗೊತ್ತಾಗಿತ್ತು. ನಾನು ಅನ್ನ ಬಡಿಸುತ್ತಿದ್ದೆ. ಇವರು ನನ್ನ ಮುಖ ನೋಡಿ, ಕಣ್ಣು ಮಿಟುಕಿಸಿ ನಕ್ಕರು.

"ಒಳ್ಳೆ ಕೆಲಸ ಮಾಡಿದೆ ದಮಯಂತಿ. ಬಾಯಲ್ಲಿ ಹೇಳಿ ಆಗದ್ದು ಒಂದು ಸೌಟಲ್ಲಿ ಆಯ್ತು."

ನನ್ನ ಕೈಯ ಸೌಟು ಅಲ್ಲೇ ನಿಂತಿತು. "ಎಂತ ಹೇಳಿದ್ದು ನೀವು?"

"ಅಲ್ಲ, ಗಲಾಟೆ ಇಲ್ಲದೆ ಮುಗಿಯಿತಲ್ಲ ಅಂತ."

"ನಾನು ಹಾಳು ಮಾಡಿದ್ದೂಂತ ನಿಮಗೆ ಸಂತೋಷವಾ?"

"ಹಾಗಲ್ಲ ಮಾರಾಯ್ತಿ..."

"ಹಾಗೇ! ಮೂವತ್ತು ವರ್ಷ ಒಟ್ಟಿಗಿದ್ದು, ನಾನು ಒಬ್ಬಳ ಕೈಕೆಲಸಕ್ಕೆ ಆಸಿಡ್ ಹಾಕುವವಳು ಅಂತ ಅರ್ಥ ಮಾಡಿಕೊಂಡ್ರಲ್ಲ, ಅದೂ ಮೆಚ್ಚಿಕೊಂಡು! ನೋಡಿ ಆ ಗೋಡೆ. ಒಳ್ಳೆ ಶೀಟಿಗೆ ಕೊಟ್ಟ ಸರ್ಟಿಫಿಕೇಟ್ ನೇತಾಡ್ತಾ ಉಂಟಲ್ಲ, ಅದರಲ್ಲಿ ಯಾರ ಹೆಸರು?"

"ನನ್ನದು. ತೋಟ ನನ್ನ ಹೆಸರಲ್ಲಿ ಇರುದಲ್ವಾ?"

"ಒಂದೇ ಒಂದು ಶೀಟು ಒತ್ತಿದ್ದೀರಾ ಈ ಜನ್ಮದಲ್ಲಿ?"

ಲತೀಶ ತಲೆ ತಗ್ಗಿಸಿ ಅನ್ನ ಕಲಸುತ್ತಿದ್ದ. ಭವಿತಾ ಬಾಗಿಲಲ್ಲಿ ನಿಂತಿದ್ದಳು. ನಾನು ಅವಳ ಕಡೆ ತಿರುಗಿ ಕೇಳಿದೆ, "ಆ ಕಾರು ಸರಿ ಮಾಡ್ಲಿಕ್ಕೆ ಎಂತ ಬೇಕು ನಿಂಗೆ?"

"ಹಾಲು ಬೇಕು ಅತ್ತೆ. ಆದ್ರೆ ನಿನ್ನೆ ರಾತ್ರಿಯಿಂದ ಮಳೆ. ಹಕೀಮಣ್ಣ ಬರುದಿಲ್ಲ."

"ಹಾಲು ನಾನು ತರ್ತೇನೆ."

ಹಕೀಮ್ ಬರುವ ಮೊದಲು ಹನ್ನೆರಡು ವರ್ಷ ಈ ತೋಟದಲ್ಲಿ ಟ್ಯಾಪಿಂಗ್ ಮಾಡಿದವಳು ನಾನು. ಶುಕ್ರವಾರ ಬೆಳಿಗ್ಗೆ ಹೋದೆ. ಅಕಾಲದ ಮಳೆ ಬಿಡುವ ಲಕ್ಷಣ ಇರಲಿಲ್ಲ. ಮನೆಯ ಹತ್ತಿರದ ಒಂದು ಮರವನ್ನು ಆರಿಸಿ, ಕೆತ್ತುವ ಜಾಗದಿಂದ ಮೇಲೆ ಹಳೇ ಸೀರೆಯ ತುಂಡು ಸುತ್ತಿ ಬಿಗಿದೆ, ಕಾಂಡದ ನೀರು ಇಳಿಯದ ಹಾಗೆ. ತೊಗಟೆ ಒರೆಸಿ, ಕತ್ತಿಯಲ್ಲಿ ಗೆರೆ ಎಳೆದು, ಹಾಲು ಹಿಡಿಯುವ ಕಪ್ ಸಿಕ್ಕಿಸಿ, ದೊಡ್ಡ ಕೊಡೆ ಬಿಡಿಸಿ ಮರಕ್ಕೆ ಹಿಡಿದು ನಿಂತೆ. ನನ್ನ ಬೆನ್ನು ಪೂರ್ತಿ ಒದ್ದೆ. ಹಾಲು ಹನಿಹನಿಯಾಗಿ ಇಳಿಯಿತು.

ಇವರು ಅಂಗಳದಿಂದ ನೋಡಿದರು. "ಮಳೆಗೆ ಮರಕ್ಕೆ ಕೊಡೆ ಹಿಡಿತೀಯಲ್ಲ, ತಲೆ ಸರಿ ಉಂಟಾ ನಿಂಗೆ?"

"ಇವತ್ತು ಸರಿ ಆದದ್ದು!" ಅಂತ ಕೂಗಿದೆ. ಒಂದು ಗಂಟೆ ಅಲ್ಲಾಡಲಿಲ್ಲ.

ಕಪ್‌ನಲ್ಲಿ ಅರ್ಧ ಹಾಲಾಯಿತು. ಭವಿತಾಳ ಕೈಗೆ ಕೊಟ್ಟೆ. ಅವಳು ನನ್ನನ್ನು ನೋಡಿ, ಮೊದಲು ಟವಲ್ ತಂದು ನನ್ನ ತಲೆ ಒರೆಸಿದಳು. "ತಪ್ಪು ಮಾತಾಡಿದೆ ಅತ್ತೆ" ಅಂದಳು. "ನಾನೂ" ಅಂದೆ. ಅಷ್ಟೇ. ಜಾಸ್ತಿ ಮಾತಾಡುವಷ್ಟು ಸಮಯ ಇರಲಿಲ್ಲ.

ಎಡಬದಿಯನ್ನು ಉಜ್ಜಿ, ಮತ್ತೆ ಹಳದಿ, ಕಿತ್ತಳೆ, ಕೆಂಪು, ಅದರ ಮೇಲೆ ರಬ್ಬರ್ ಹಾಲು, ಕೊನೆಗೆ ಕಪ್ಪು ಬಣ್ಣ. ಒಂದೊಂದೂ ಒಣಗಬೇಕು. ಮಳೆಗೆ ಒಣಗದ್ದಕ್ಕೆ ನಾನೇ ಇಸ್ತ್ರಿ ಮೇಜಿನ ಲೈಟು ತಂದು ಹಿಡಿದೆ. ಆ ಎರಡು ದಿನ ಅಡಿಗೆ ಗಂಜಿ, ಚಟ್ನಿ. ಇವರು ಅದನ್ನೇ ಉಂಡು ಎದ್ದರು. ಶನಿವಾರ ಸಂಜೆ ಸುಲಿದಾಗ ಎಡಬದಿಯ ಬೆಂಕಿ ಬಲಬದಿಯದ್ದಕ್ಕಿಂತ ದೊಡ್ಡದಿತ್ತು. ಬಾಗಿಲು ದಾಟಿ ಹಿಂದಿನ ಚಕ್ರದವರೆಗೆ ಹೋಗಿತ್ತು.

ಲತೀಶ ಅಂದ, "ಎರಡು ಬದಿ ಒಂದೇ ಹಾಗಿಲ್ಲವಲ್ಲ?"

"ಬೇಕೂಂತಲೇ ಮಾಡಿದ್ದು. ಬೆಂಕಿ ಎಲ್ಲಿಯಾದ್ರೂ ಎರಡು ಕಡೆ ಒಂದೇ ಹಾಗೆ ಉರೀತದಾ?" ಅಂದಳು ಭವಿತಾ.

ನಾನು ಆಲೆಟ್ಟಿಗೆ ಫೋನ್ ಮಾಡಿದೆ. ನಾದಿನಿಯ ಹತ್ತಿರ ಅಲ್ಲ, ವೀಳ್ಯದ ಹುಡುಗಿಯ ಹತ್ತಿರವೇ ಮಾತಾಡಿದೆ. ಆ ಮಗುವಿನ ದಿನ ತಪ್ಪಿಸಿಕೊಳ್ಳುವುದು ನನಗೆ ಸುಲಭವಾಗಿರಲಿಲ್ಲ.

"ಸುಪ್ರಿತಾ, ನಾಳೆ ನಾನು, ಭವಿತಾ ಬರುದಿಲ್ಲ. ಬೇಜಾರು ಮಾಡ್ಬೇಡ" ಅಂತ ಇದ್ದದ್ದನ್ನೆಲ್ಲ ಹೇಳಿದೆ.

"ಬೇಜಾರು ಉಂಟು ಅತ್ತೆ. ಆದ್ರೂ ಹೋಗಿ. ಮದುವೆಗೆ ಮೂರು ದಿನ ಮೊದಲೇ ಬರ್ಬೇಕು, ಆಯ್ತಾ?"

ಭಾನುವಾರ ಏಳೂವರೆಗೆ ಇವರು ಬಿಳಿ ಅಂಗಿ ಹಾಕಿ ಜೀಪಿನ ಹತ್ತಿರ ನಿಂತಿದ್ದರು. ನಾವಿಬ್ಬರೂ ಸೀರೆ ಉಟ್ಟು ಹೊರಗೆ ಬಂದೆವು. ಭವಿತಾಳ ಕೈಯಲ್ಲಿ ಕುಕ್ಕರಿನ ಹಳೇ ಪೆಟ್ಟಿಗೆ, ಒಳಗೆ ಹತ್ತಿಯ ನಡುವೆ ಕಾರು.

"ಜೀಪು ಹತ್ತಿ," ಅಂದರು ಇವರು.

"ನೀವು ಹೋಗಿ. ನಾವು ಬಸ್ಸಿಗೆ."

"ದಮಯಂತಿ, ನನ್ನ ತಂಗಿಯ ಮನೆಯ ಕಾರ್ಯಕ್ರಮ ಇದು."

"ಗೊತ್ತುಂಟು. ನಮ್ಮ ಬದಲಿಗೆ ಲತೀಶನನ್ನು ಕರಕೊಂಡು ಹೋಗಿ. ಹೆಸರು ಅವನದ್ದೇ ಸಾಕೂಂತ ಹೇಳಿದ್ದು ನೀವೇ ಅಲ್ವಾ?"

ಲತೀಶ ಒಂದು ಸಲ ಅಪ್ಪನ ಮುಖ, ಒಂದು ಸಲ ಹೆಂಡತಿಯ ಮುಖ ನೋಡಿ ಜೀಪು ಹತ್ತಿದ. ನಾವು ಬಸ್ಸು ಹಿಡಿದು ಪುತ್ತೂರಿಗೆ, ಅಲ್ಲಿಂದ ಮಂಗಳೂರಿಗೆ ಹೋದೆವು. ಪೆಟ್ಟಿಗೆಯನ್ನು ಒಂದು ಕ್ಷಣ ಕೆಳಗಿಡಲಿಲ್ಲ.

ಪ್ರದರ್ಶನದ ಹಾಲ್ ತುಂಬ ಮೇಜುಗಳು, ಕಾರುಗಳು, ಮೀಸೆ ಬಂದ ಹುಡುಗರು. ರೇಷ್ಮೆ ಸೀರೆಯಲ್ಲಿ ಬಂದವರು ನಾವಿಬ್ಬರೇ. ಹೆಸರು ನೋಡುವ ಹುಡುಗ ಕಾರ್ಡು ತೆಗೆದ. ಅದರಲ್ಲಿ ಅಚ್ಚಾಗಿತ್ತು, ಲತೀಶ್, ಪಂಜ.

"ಇದು ಬದಲಾಗ್ಬೇಕು. ಮಾಡಿದ್ದು ನಾನು, ಭವಿತಾ" ಅಂದಳು.

"ಪ್ರಿಂಟ್ ಆಗಿಬಿಟ್ಟಿದೆ ಮೇಡಂ. ಗಂಡನ ಹೆಸರೇ ಅಲ್ವಾ, ಎಂತ ವ್ಯತ್ಯಾಸ?"

ಭವಿತಾ ಮೇಜಿನ ಮೇಲಿಟ್ಟ ಕಾರನ್ನು ಎತ್ತಿ ಮತ್ತೆ ಹತ್ತಿಯಲ್ಲಿ ಇಟ್ಟಳು. "ಹಾಗಾದ್ರೆ ಕಾರು ಇಡುದಿಲ್ಲ. ನಡೀರಿ ಅತ್ತೆ."

ನನಗೆ ಜೀವ ಹೋದ ಹಾಗಾಯಿತು. ಮೂರು ವಾರದ ಕೆಲಸ! ಆದರೆ ಅವಳ ಮುಖ ನೋಡಿದೆ, ಎದ್ದು ನಡೆಯುವವಳೇ. ಅಷ್ಟರಲ್ಲಿ ತೀರ್ಪುಗಾರರಲ್ಲಿ ಒಬ್ಬರು, ನರೆತ ಗಡ್ಡದವರು, ಹತ್ತಿರ ಬಂದರು. "ಒಂದು ನಿಮಿಷ. ಹಿಂದಿನ ಆಕ್ಸಲ್ ಇಳಿಸಿದ್ದು ಹೇಗೆ?" ಅಂತ ಕೇಳಿದರು.

"ಇಳಿಸಿದ್ದಲ್ಲ ಸರ್, ಏರಿಸಿದ್ದು. ಚಾಸಿ ಕೊರೆದು ಆಕ್ಸಲ್ ಮೇಲೆ ಹೋದ್ರೆ ಬಾಡಿ ಕೆಳಗೆ ಬರ್ತದೆ." ಕಾರನ್ನು ಮತ್ತೆ ಹೊರಗೆ ತೆಗೆದು, ತಿರುಗಿಸಿ ತೋರಿಸಿದಳು.

"ಬೆಂಕಿಯ ಮಾಸ್ಕಿಂಗಿಗೆ ಎಂತ ಹಾಕಿದ್ರಿ? ಇಷ್ಟು ಸಪೂರ ಗೆರೆ ಟೇಪಲ್ಲಿ ಬರುದಿಲ್ಲ."

"ರಬ್ಬರ್ ಹಾಲು!" ಅಂತ ನಾನೇ ಮಧ್ಯೆ ಬಾಯಿ ಹಾಕಿದೆ. "ನಮ್ಮ ತೋಟದ್ದು. ಅಮೋನಿಯ ಹಾಕ್ಬೇಕು, ಆಸಿಡ್ ಹಾಕ್ಬಾರ್ದು."

ಅವರು ನಕ್ಕು ಆ ಹುಡುಗನಿಗೆ ಹೇಳಿದರು, "ಕಾರ್ಡಿನ ಹಿಂಬದಿ ಖಾಲಿ ಉಂಟಲ್ಲ. ಪೆನ್ ಕೊಡು ಇವ್ರಿಗೆ."

ಪೆನ್ನು ನಾನು ತೆಗೆದುಕೊಂಡೆ. ಬೇರೆಯವರ ಹೆಸರೆಲ್ಲ ಅಚ್ಚಿನಲ್ಲಿ, ಇಂಗ್ಲಿಷಿನಲ್ಲಿ. ನಮ್ಮದು ನನ್ನ ಏಳನೇ ಕ್ಲಾಸಿನ ಕೈಬರಹದಲ್ಲಿ, ಕನ್ನಡದಲ್ಲಿ, ಕಾರ್ಡಿನ ತುಂಬ: ಭವಿತಾ. ಬಹುಮಾನ ಬಂತಾ ಅಂತ ಕೇಳುತ್ತೀರಿ. ಇಲ್ಲ, ಬರಲಿಲ್ಲ. ಬರದಿದ್ದರೆ ಅವರಿಗೆ ನಷ್ಟ.

ಹನ್ನೆರಡೂವರೆಗೆ ನನ್ನ ಫೋನ್ ಬಡಿಯಿತು. ಇವರು.

"ಇಲ್ಲಿ ಊಟಕ್ಕೆ ಕೂತವರೆಲ್ಲ ಕೇಳ್ತಾ ಇದ್ದಾರೆ, ಹೆಂಡತಿ ಎಲ್ಲಿ, ಸೊಸೆ ಎಲ್ಲಿ ಅಂತ. ನಾನು ಎಂತ ಹೇಳುದು?"

"ಇದ್ದದ್ದು ಹೇಳಿ."

"ಎಲ್ಲರ ಎದುರು ಹೇಗೆ ಹೇಳುದು ಮಾರಾಯ್ತಿ?"

"ನಿಮಗೆ ನಾಚಿಕೆ ಆಗ್ತದಾದ್ರೆ ಫೋನನ್ನು ಸ್ಪೀಕರಿಗೆ ಹಾಕಿ. ನಾನೇ ಹೇಳ್ತೇನೆ."

ಆ ಕಡೆ ಯಾರೋ "ಪಾಯಸ, ಪಾಯಸ" ಅಂತ ಬಡಿಸುತ್ತಾ ಹೋದದ್ದು ಕೇಳಿತು. ಅಷ್ಟರಲ್ಲಿ ಲತೀಶನ ಸ್ವರ ಬಂತು. "ಇಲ್ಲಿ ಕೊಡಿ ಅಪ್ಪ." ಫೋನು ಕೈ ಬದಲಾಯಿತು. ಮರುಕ್ಷಣ ಆಲೆಟ್ಟಿಯ ಚಪ್ಪರದ ಗಲಾಟೆಯೆಲ್ಲ ನನ್ನ ಕಿವಿಗೆ ನುಗ್ಗಿತು. "ಅಮ್ಮ, ಸ್ಪೀಕರಲ್ಲಿ ಉಂಟು. ಎಲ್ಲರಿಗೂ ಕೇಳ್ತದೆ, ಹೇಳಿ" ಅಂದ ಅವನು.

ನಾನು ಸೆರಗು ಸರಿಮಾಡಿಕೊಂಡು ಸ್ವರ ಏರಿಸಿದೆ. ಪ್ರದರ್ಶನಕ್ಕೆ ಬಂದವರೆಲ್ಲ ತಿರುಗಿ ನೋಡಿದರು, ನೋಡಲಿ.

"ಕೇಳ್ತದಾ? ನಾನು ದಮಯಂತಿ ಮಾತಾಡುದು. ಕಾರು ಮಾಡಿದ್ದು ಭವಿತಾ. ಇನ್ನು ಯಾರಿಗೆ ನಗಾಡ್ಲಿಕ್ಕೆ ಉಂಟೋ, ಈಗ ನಗಾಡಿ, ನಾನು ಕೇಳ್ತಾ ಇದ್ದೇನೆ."

ಯಾರೂ ನಗಲಿಲ್ಲ.